ಹೆರ್ಜೋಗ್ಟುಮ್ ಲಾವೆನ್‌ಬುರ್ಗ್ ಜಿಲ್ಲೆಯ ಲಾಂಛನ: ಕುದುರೆತಲೆ ಯಾರದು, ಕಪ್ಪು-ಬಿಳಿ ಅಂಚು ಯಾರದು?

ಬಣ್ಣದಪೆಟ್ಟಿಗೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜರ್ಮನಿಯ ಷ್ಲೆಸ್ವಿಗ್-ಹೋಲ್‌ಷ್ಟೈನ್ ರಾಜ್ಯದ ಹೆರ್ಜೋಗ್ಟುಮ್ ಲಾವೆನ್‌ಬುರ್ಗ್ ಜಿಲ್ಲೆಯ ಲಾಂಛನದ ಮೇಲೆ ಒಂದು ಲೇಖನ ಸಿದ್ಧವಾಗುತ್ತಿದೆ. ಜೊತೆಗೆ ಹಾಕಲು ಎಸ್‌ವಿಜಿ (ಗೆರೆಗಳನ್ನು ಅಳತೆಯಲ್ಲಿ ಬರೆದಿಡುವ ಕಡತ) ಚಿತ್ರವೂ ಬೇಕು. ಲಾಂಛನ ನೋಡಲು ಸರಳ: ಕೆಂಪು ಗುರಾಣಿ, ನಡುವೆ ಬೆಳ್ಳಿಯ (ಚಿತ್ರದಲ್ಲಿ ಬಿಳಿ) ಕುದುರೆತಲೆ, ಸುತ್ತಲೂ ಬೆಳ್ಳಿ-ಕಪ್ಪು ತುಂಡುಗಳ ಅಂಚು. ಆದರೆ ಕೆದಕಿದಷ್ಟೂ ಗೋಜಲು.

ಒಂದು ಕಡೆ ಕುದುರೆತಲೆ ಚಿನ್ನದ್ದು, ಅಂಚೇ ಇಲ್ಲ. ಇನ್ನೊಂದು ಕಡೆ ಲಾವೆನ್‌ಬುರ್ಗ್ ಡ್ಯೂಕರದ್ದು ಎಂದು ಕಪ್ಪು-ಚಿನ್ನದ ಅಡ್ಡಪಟ್ಟಿಗಳ ಮೇಲೆ ಓರೆಯಾಗಿ ಹಸಿರು ಮಾಲೆ ಇರುವ ಗುರಾಣಿ ತೋರಿಸುತ್ತಾರೆ, ಅದರಲ್ಲಿ ಕುದುರೆಯ ಸುಳಿವೇ ಇಲ್ಲ. ಹಾಗಾದರೆ ಕುದುರೆ ಬಂದದ್ದೆಲ್ಲಿಂದ? ಸ್ಯಾಕ್ಸನ್ ನಾಯಕ ವಿಡುಕಿಂಡ್‌ನ ಕುದುರೆ ಅನ್ನುವುದನ್ನು ನಂಬಬಹುದೇ? ಅಂಚು ಬರೀ ಅಲಂಕಾರವೋ, ಅದಕ್ಕೊಂದು ಅರ್ಥ ಇದೆಯೋ? ಅದರಲ್ಲಿ ಎಷ್ಟು ತುಂಡು ಬರೆಯಬೇಕು? ಬಲ್ಲವರು ಬಿಡಿಸಿ ಹೇಳಿ.

ಹಳೆಮುದ್ರೆ

ಅಂಚಿನಿಂದಲೇ ಶುರು ಮಾಡೋಣ, ಗೋಜಲು ಬಿಡಿಸುವ ಎಳೆ ಅಲ್ಲೇ ಇದೆ.

ಬೆಳ್ಳಿ-ಕಪ್ಪು ಹಿಂದಿನ ಜರ್ಮನ್ ರಾಜ್ಯ ಪ್ರಷ್ಯದ ಬಣ್ಣಗಳು. ಬೆಳ್ಳಿ ನೆಲದ ಮೇಲೆ ಕರಿ ಹದ್ದು ಪ್ರಷ್ಯದ ಲಾಂಛನ. ಅದನ್ನಾಳಿದ ಹೊಹೆನ್‌ಜೊಲೆರ್ನ್ ಮನೆತನದ ಸ್ವಂತ ಗುರಾಣಿಯೂ ನಾಲ್ಕು ಭಾಗವಾಗಿ ಬೆಳ್ಳಿ-ಕಪ್ಪೇ. ಹಾಗಾಗಿ ಈ ಅಂಚು ಅಲಂಕಾರ ಅಲ್ಲ, ಒಡೆತನದ ಗುರುತು.

1864ರ ಯುದ್ಧದಲ್ಲಿ ಸೋತ ಡೆನ್ಮಾರ್ಕ್, ಅದೇ ವರ್ಷ ಅಕ್ಟೋಬರ್ 30ರ ವಿಯೆನ್ನಾ ಒಪ್ಪಂದದಲ್ಲಿ ಷ್ಲೆಸ್ವಿಗ್, ಹೋಲ್‌ಷ್ಟೈನ್, ಲಾವೆನ್‌ಬುರ್ಗ್ ಮೂರನ್ನೂ ಪ್ರಷ್ಯ ಮತ್ತು ಆಸ್ಟ್ರಿಯಕ್ಕೆ ಜಂಟಿಯಾಗಿ ಬಿಟ್ಟುಕೊಟ್ಟಿತು. 1865ರ ಆಗಸ್ಟ್ 14ರಂದು ಗಾಸ್ಟೈನ್‌ನಲ್ಲಿ ಆದ ಒಪ್ಪಂದದ ಪ್ರಕಾರ ಆಸ್ಟ್ರಿಯ ಲಾವೆನ್‌ಬುರ್ಗ್‌ನ ತನ್ನ ಹಕ್ಕನ್ನು 25 ಲಕ್ಷ ಡ್ಯಾನಿಶ್ ಟಾಲರ್‌ಗೆ ಪ್ರಷ್ಯಕ್ಕೆ ಮಾರಿತು. ಒಂದು ಡಚಿ (ಡ್ಯೂಕ್ ಆಳುವ ನಾಡು) ಹೀಗೆ ರೊಕ್ಕಕ್ಕೆ ಕೈಬದಲಾಯಿತು. ಆದರೆ ಪ್ರಷ್ಯ ಅದನ್ನು ಕೂಡಲೇ ತನ್ನೊಳಗೆ ಸೇರಿಸಿಕೊಳ್ಳಲಿಲ್ಲ. ದೊರೆ 1ನೇ ವಿಲ್‌ಹೆಲ್ಮ್ ತಾನೇ ಲಾವೆನ್‌ಬುರ್ಗ್‌ನ ಡ್ಯೂಕ್ ಆದ, ಬಿಸ್ಮಾರ್ಕ್ ಅಲ್ಲಿಯ ಮಂತ್ರಿಯಾದ. ಅಂದರೆ ಎರಡು ಬೇರೆ ಬೇರೆ ದೇಶ, ಒಬ್ಬನೇ ದೊರೆ. ಈ ಏರ್ಪಾಡು ನಡೆದದ್ದು 1876ರ ಜುಲೈ 1ರ ತನಕ. ಆ ದಿನ ಅದು ಷ್ಲೆಸ್ವಿಗ್-ಹೋಲ್‌ಷ್ಟೈನ್ ಪ್ರಾಂತ್ಯದ ಒಂದು ಜಿಲ್ಲೆಯಾಯಿತು, ಹೆಸರಲ್ಲಿ ಮಾತ್ರ ‘ಡಚಿ’ ಉಳಿಯಿತು. ಜಿಲ್ಲೆಯ ಹೆಸರಿನ ‘ಹೆರ್ಜೋಗ್ಟುಮ್’ ಅದೇ.

ಈಗಿನ ಲಾಂಛನ ಅರ್ಥವಾಗುವುದು ಈ 11 ವರ್ಷಗಳ ಹಿನ್ನೆಲೆಯಲ್ಲಿ. ಪ್ರತ್ಯೇಕ ಡಚಿ ಆದ್ದರಿಂದ ಪ್ರತ್ಯೇಕ ಗುರಾಣಿ ಬೇಕು, ಆದರೆ ಯಾರ ಡಚಿ ಅನ್ನುವುದೂ ಕಾಣಬೇಕು. ಡೆನ್ಮಾರ್ಕ್ ಕಾಲದ ಕುದುರೆತಲೆಯನ್ನು ಇಟ್ಟುಕೊಂಡರು, ಚಿನ್ನ ತೆಗೆದು ಬೆಳ್ಳಿ ಮಾಡಿದರು, ಸುತ್ತ ಪ್ರಷ್ಯದ ಬಣ್ಣ ಕಟ್ಟಿದರು. ಪಕ್ಕದ ಷ್ಟೋರ್ಮಾರ್ನ್ ಜಿಲ್ಲೆಯ ಜೊತೆ ಹೋಲಿಸಿ ನೋಡಿ. ಅದೇ ಯುದ್ಧ, ಅದೇ ಪ್ರಷ್ಯ. ಆದರೂ ಅದರ ಗುರಾಣಿಯಲ್ಲಿ ಕೆಂಪು ನೆಲದ ಮೇಲೆ, ಕೊರಳಲ್ಲಿ ಚಿನ್ನದ ಕಿರೀಟ ತೊಟ್ಟ ಬೆಳ್ಳಿ ಹಂಸ ಮಾತ್ರ, ಪ್ರಷ್ಯದ ಅಂಚಿಲ್ಲ. ಷ್ಟೋರ್ಮಾರ್ನ್ ಹೋಲ್‌ಷ್ಟೈನ್‌ನ ಒಂದು ತುಂಡಾಗಿ 1867ರಲ್ಲಿ ನೇರವಾಗಿ ಪ್ರಷ್ಯದ ಹೊಟ್ಟೆ ಸೇರಿತು. ಅದಕ್ಕೆ ಪ್ರಷ್ಯದ ದೊರೆ ಬೇರೆಯದೇ ಡ್ಯೂಕ್ ಆಗಿ ಕೂತವನಲ್ಲ.

ಇನ್ನು ಪಟ್ಟಿ-ಮಾಲೆಯ ಗುರಾಣಿ. ಅದು ಹಿಂದೆ ಲಾವೆನ್‌ಬುರ್ಗ್ ಆಳಿದ ಡ್ಯೂಕರ ಅಸ್ಕಾನಿಯ ಮನೆತನದ್ದು. 1296ರ ಸುಮಾರಿಗೆ ಸ್ಯಾಕ್ಸನಿ ಡಚಿ ಲಾವೆನ್‌ಬುರ್ಗ್ ಮತ್ತು ವಿಟೆನ್‌ಬೆರ್ಗ್ ಎಂದು ಹೋಳಾಯಿತು. ಎರಡೂ ಕವಲುಗಳು ಅದೇ ಪಟ್ಟಿ, ಅದೇ ಮಾಲೆ (ರೌಟೆನ್‌ಕ್ರಾನ್ಸ್) ಬಳಸಿದವು. 1356ರ ಗೋಲ್ಡನ್ ಬುಲ್ ಎಂಬ ರಾಜಾಜ್ಞೆ ಚಕ್ರವರ್ತಿಯನ್ನು ಆರಿಸುವ ಹಕ್ಕನ್ನು ವಿಟೆನ್‌ಬೆರ್ಗ್ ಕವಲಿಗೆ ಕೊಟ್ಟಿತು, ಲಾವೆನ್‌ಬುರ್ಗ್ ಕವಲು ಕೈತಪ್ಪಿದ ಆ ಮರ್ಯಾದೆಗೆ ಬಹಳ ಕಾಲ ಜಗ್ಗಾಡಿತು. 1689ರಲ್ಲಿ ಡ್ಯೂಕ್ ಯೂಲಿಯುಸ್ ಫ್ರಾನ್ಸ್ ಗಂಡು ಸಂತಾನವಿಲ್ಲದೆ ತೀರಿಕೊಂಡಾಗ ಲಾವೆನ್‌ಬುರ್ಗ್‌ನ ಅಸ್ಕಾನಿಯರು ಮುಗಿದರು, ಗುರಾಣಿಯೂ ಅವರೊಂದಿಗೆ ಹೋಯಿತು. ಪಟ್ಟಿ-ಮಾಲೆ ಇವತ್ತು ಕಾಣುವುದು ಸ್ಯಾಕ್ಸನಿ ಮತ್ತು ಸ್ಯಾಕ್ಸನಿ-ಆನ್‌ಹಾಲ್ಟ್ ರಾಜ್ಯಗಳ ಲಾಂಛನಗಳಲ್ಲಿ. ‘ಡಚಿ’ ಅನ್ನುವ ಹೆಸರನ್ನು ತಂದುಕೊಟ್ಟ ಮನೆತನದ ಒಂದು ಗೆರೆಯೂ ಈ ಜಿಲ್ಲೆಯ ಗುರಾಣಿಯಲ್ಲಿ ಇಲ್ಲ. ಲೇಖನದಲ್ಲಿ ಇದನ್ನೇ ಮುಂದಿಡಿ ಅಂತ ನನ್ನ ಅಭಿಪ್ರಾಯ.

ಗೆರೆಚುಕ್ಕಿ

ಹಳೆಮುದ್ರೆಯವರು ಕುದುರೆಯನ್ನು ಡೆನ್ಮಾರ್ಕ್‌ಗೆ ತಂದು ನಿಲ್ಲಿಸಿದರು, ಅಲ್ಲಿಂದ ಹಿಂದಕ್ಕೆ ಹೋಗೋಣ.

1689ರ ನಂತರ ಲಾವೆನ್‌ಬುರ್ಗ್ ಹಿಡಿದದ್ದು ವೆಲ್ಫ್ ಮನೆತನದ ಚೆಲ್ಲೆ ಡ್ಯೂಕ್ ಗಿಯೋರ್ಗ್ ವಿಲ್‌ಹೆಲ್ಮ್. 1705ರಲ್ಲಿ ಅವನು ತೀರಿಕೊಂಡ ಮೇಲೆ ಅದು ಹ್ಯಾನೋವರ್ ಕವಲಿಗೆ ಹೋಯಿತು. 1714ರಲ್ಲಿ ಅದೇ ಹ್ಯಾನೋವರ್ ದೊರೆ ಬ್ರಿಟನ್‌ನ 1ನೇ ಜಾರ್ಜ್ ಆದ. ವೆಲ್ಫ್‌ಗಳ ಗುರುತು ಕೆಂಪು ನೆಲದ ಮೇಲೆ ಓಡುವ ಬಿಳಿ ಕುದುರೆ, ಅಂದರೆ ‘ಸ್ಯಾಕ್ಸನ್ ಕುದುರೆ’. ಇಂದಿನ ಲೋವರ್ ಸ್ಯಾಕ್ಸನಿ ರಾಜ್ಯದ ಲಾಂಛನವೂ ಅದೇ.

ನೆಪೋಲಿಯನ್ ಯುದ್ಧಗಳು ಮುಗಿದ ಮೇಲೆ ಕೊಡುಕೊಳ್ಳುವಿಕೆ ನಡೆಯಿತು. 1814ರ ಕೀಲ್ ಒಪ್ಪಂದದಲ್ಲಿ ಡೆನ್ಮಾರ್ಕ್ ನಾರ್ವೆಯನ್ನು ಸ್ವೀಡನ್‌ಗೆ ಬಿಟ್ಟುಕೊಡಬೇಕಾಯಿತು, ಬದಲಿಗೆ ಸ್ವೀಡಿಶ್ ಪೊಮೆರೇನಿಯ ಸಿಗಬೇಕಿತ್ತು. 1815ರಲ್ಲಿ ಅದನ್ನು ಪ್ರಷ್ಯಕ್ಕೆ ಕೊಟ್ಟು, ಪ್ರಷ್ಯ ಹ್ಯಾನೋವರ್‌ನಿಂದ ಪಡೆದಿದ್ದ ಲಾವೆನ್‌ಬುರ್ಗ್ ಅನ್ನು ಡೆನ್ಮಾರ್ಕ್ ತೆಗೆದುಕೊಂಡಿತು. 1819ರಲ್ಲಿ 6ನೇ ಫ್ರೆಡರಿಕ್ ರಾಜಲಾಂಛನವನ್ನು ಪರಿಷ್ಕರಿಸಿದಾಗ ಲಾವೆನ್‌ಬುರ್ಗ್‌ಗೆ ಅದರೊಳಗೆ ಒಂದು ಮನೆ (ಗುರಾಣಿಯ ಒಂದು ಭಾಗ) ಸಿಕ್ಕಿತು: ಕೆಂಪು ನೆಲದ ಮೇಲೆ ಚಿನ್ನದ ಕುದುರೆತಲೆ. ಇಡೀ ಕುದುರೆ, ಬೆಳ್ಳಿ ಬಣ್ಣ ಎರಡೂ ಹ್ಯಾನೋವರ್ ದೊರೆಯ ಗುರುತಾಗಿ ಜೀವಂತವಾಗಿದ್ದವು. ತಲೆ ಮಾತ್ರ ಇಟ್ಟು, ಲೋಹವನ್ನೂ (ಬೆಳ್ಳಿಯಿಂದ ಚಿನ್ನಕ್ಕೆ) ಬದಲಿಸಿದರೆ ಪ್ರಾಣಿ ಅದೇ, ಗುರಾಣಿ ಬೇರೆ. ನಾನು ಇದನ್ನು ಓದುವುದು ಹಾಗೆ. ಚಾಲುಕ್ಯರ ವರಾಹ ವಿಜಯನಗರದ ಮುದ್ರೆಗೂ ಬಂದಂತೆ, ಇಲ್ಲಿಯೂ ಪ್ರಾಣಿ ರಕ್ತಸಂಬಂಧ ಹಿಡಿದು ಬರಲಿಲ್ಲ.

ವಿಡುಕಿಂಡ್ ಕತೆ ಚೆಂದವಾಗಿದೆ, ಅಷ್ಟೇ. ಅವನ ಕುದುರೆ ಮೊದಲು ಕಪ್ಪಗಿತ್ತು, 785ರಲ್ಲಿ ಅವನು ಕ್ರೈಸ್ತ ದೀಕ್ಷೆ ಪಡೆದ ಮೇಲೆ ಬಿಳಿ ಕುದುರೆ ಏರಿದ ಅನ್ನುತ್ತಾರೆ. ಗುರಾಣಿಯ ಮೇಲೆ ವಂಶಪಾರಂಪರ್ಯ ಚಿಹ್ನೆ ಬರೆಯುವ ಪದ್ಧತಿಯೇ ಯುರೋಪಿನಲ್ಲಿ 12ನೇ ಶತಮಾನದ್ದು. ವೆಲ್ಫ್ ಮನೆತನದಲ್ಲಿ ಕುದುರೆ ಮೊದಲು ಕಾಣುವುದು ಗ್ರುಬೆನ್‌ಹಾಗೆನ್ ಕವಲಿನ ಡ್ಯೂಕ್ 2ನೇ ಆಲ್ಬ್ರೆಷ್ಟ್‌ನ 1361ರ ಮೊಹರಿನಲ್ಲಿ. ನಡುವೆ ಐನೂರಕ್ಕೂ ಹೆಚ್ಚು ವರ್ಷಗಳ ಕಂದಕ. ‘ಹೀಗೊಂದು ಐತಿಹ್ಯವಿದೆ’ ಎಂದು ಒಂದು ವಾಕ್ಯ ಬರೆದು ಮುಂದೆ ಹೋಗಿ.

ಹಳೆಯ ಅಚ್ಚು, ಮೊಹರು, ಕೆತ್ತನೆ ಸಿಕ್ಕರೆ ಕಾಲ ಗುರುತಿಸುವ ಉಪಾಯ ಹೇಳುತ್ತೇನೆ. ಬಣ್ಣವಿಲ್ಲದ ಕೆತ್ತನೆಯಲ್ಲಿ 17ನೇ ಶತಮಾನದಿಂದ ಒಂದು ಸಂಕೇತಪದ್ಧತಿ ಇದೆ: ನೇರ ನಿಂತ ಗೆರೆಗಳು ಕೆಂಪು, ಅಡ್ಡಗೆರೆಗಳು ನೀಲಿ, ಚುಕ್ಕಿ ಚಿನ್ನ, ಖಾಲಿ ಬಿಟ್ಟದ್ದು ಬೆಳ್ಳಿ, ನೇರ-ಅಡ್ಡ ಹೆಣೆದದ್ದು ಕಪ್ಪು. ಭೂತಗಾಜು ಹಿಡಿದು ಕುದುರೆಯ ಕೆನ್ನೆ ನೋಡಿ. ಅಲ್ಲಿ ಸಣ್ಣ ಚುಕ್ಕಿಗಳಿದ್ದರೆ ಡೆನ್ಮಾರ್ಕ್ ಕಾಲದ್ದು, 1819ರಿಂದ 1864. ಕೆನ್ನೆ ಖಾಲಿ ಇದ್ದು ಅಂಚಿನಲ್ಲಿ ಹೆಣೆದ ತುಂಡುಗಳಿದ್ದರೆ ಪ್ರಷ್ಯದ್ದು. ಇಡೀ ಕುದುರೆ ಓಡುತ್ತಿದ್ದರೆ ಹ್ಯಾನೋವರ್. ಕೆನ್ನೆಯ ನೆರಳಿಗೆ ಹಾಕಿದ ಗೀರುಗಳನ್ನು ಸಂಕೇತ ಎಂದು ತಿಳಿಯಬೇಡಿ. ನೆರಳು ದವಡೆಯ ಕೆಳಗೆ, ಕುತ್ತಿಗೆಯ ಮಡಿಕೆಯಲ್ಲಿ ಮಾತ್ರ ಇರುತ್ತದೆ, ಬಣ್ಣದ ಸಂಕೇತ ಇಡೀ ತಲೆಯ ಮೇಲೆ ಒಂದೇ ಸಮ ಹರಡಿರುತ್ತದೆ.

ಕಡಲಕೊಂಕು

ಗೆರೆಚುಕ್ಕಿಯವರೇ, 1864ಕ್ಕೆ ನಿಲ್ಲಿಸಬೇಡಿ. ಜಾಗ ಕೈಬಿಟ್ಟರೂ ಡೆನ್ಮಾರ್ಕ್ ರಾಜರು ಚಿನ್ನದ ಕುದುರೆತಲೆಯನ್ನು ಕೈಬಿಡಲಿಲ್ಲ. ಷ್ಟೋರ್ಮಾರ್ನ್‌ನ ಹಂಸ, ಡಿಟ್‌ಮಾರ್ಷೆನ್‌ನ ಸವಾರನ ಜೊತೆ ಅದು ರಾಜಲಾಂಛನದಲ್ಲಿ ಮುಂದುವರಿಯಿತು. 2ನೇ ಮಾರ್ಗರೇಟೆ ಪಟ್ಟಕ್ಕೆ ಬಂದ 1972ರಲ್ಲಿ ಲಾಂಛನ ಸರಳ ಮಾಡಿದಾಗಲೇ ಇವೆಲ್ಲ ಹೋದದ್ದು. ಆದ್ದರಿಂದ ಚಿನ್ನದ ತಲೆ ಅನೇಕ ಮನೆಗಳ ದೊಡ್ಡ ಡ್ಯಾನಿಶ್ ಗುರಾಣಿಯೊಳಗೆ ಕಂಡರೆ 1819ರಿಂದ 1972ರ ನಡುವೆ ಯಾವಾಗಿನದ್ದೂ ಆಗಬಹುದು. ಲಾವೆನ್‌ಬುರ್ಗ್‌ನದೇ ಕಚೇರಿಯ ಕಾಗದದ ಮೇಲೆ ಒಂಟಿಯಾಗಿ ಕಂಡರೆ ಮಾತ್ರ 1864ರ ಗಡಿ ನಿಲ್ಲುತ್ತದೆ.

ಬಣ್ಣದಪೆಟ್ಟಿಗೆ

ಎಲ್ಲರಿಗೂ ಧನ್ಯವಾದ, ಇತಿಹಾಸ ತಿಳಿಯಾಯಿತು. ಈಗ ಚಿತ್ರದ ಕಡೆ ಬರೋಣ. ಅಂಚಿನ ತುಂಡುಗಳನ್ನು ಒಂದೊಂದಾಗಿ ಕತ್ತರಿಸಿ ಬಿಡಿಸಿದರೆ ಎಡ-ಬಲ ಹೊಂದುತ್ತಿಲ್ಲ, ತುದಿಯಲ್ಲಿ ಎರಡು ಕಪ್ಪು ಅಕ್ಕಪಕ್ಕ ಬರುತ್ತಿವೆ. ಇನ್ನೊಂದು ಅನುಮಾನ: ಕೆಂಪಿನ ಪಕ್ಕ ಕಪ್ಪು ಬಂದರೆ ಬಣ್ಣದ ಮೇಲೆ ಬಣ್ಣ ಕೂಡದು ಅನ್ನುವ ನಿಯಮ ಮುರಿದಂತಲ್ಲವೇ?

ವೆಕ್ಟರ್‌ಬಡಗಿ

ನಿಯಮ ಮುರಿಯುವುದಿಲ್ಲ. ಲೋಹ (ಚಿನ್ನ, ಬೆಳ್ಳಿ) ಮತ್ತು ಬಣ್ಣ (ಕೆಂಪು, ನೀಲಿ, ಹಸಿರು, ಕಪ್ಪು) ಸಮವಾಗಿ ಬೆರೆತ ತುಂಡು-ಅಂಚನ್ನು ಎರಡಕ್ಕೂ ಸೇರದ್ದು ಎಂದು ಲೆಕ್ಕ ಹಾಕುತ್ತಾರೆ, ಅದು ಯಾವ ನೆಲದ ಮೇಲೂ ಬರಬಹುದು. ಹೊಹೆನ್‌ಜೊಲೆರ್ನ್‌ಗಳದೇ ನ್ಯೂರೆನ್‌ಬೆರ್ಗ್ ಬುರ್ಗ್‌ಗ್ರಾಫ್ ಗುರಾಣಿ ನೋಡಿ: ಚಿನ್ನದ ನೆಲ, ಕರಿ ಸಿಂಹ, ಸುತ್ತ ಬೆಳ್ಳಿ-ಕೆಂಪು ತುಂಡುಗಳ ಅಂಚು. ಅಲ್ಲಿ ಚಿನ್ನದ ಪಕ್ಕ ಬೆಳ್ಳಿ ಇದೆ, ಯಾರೂ ತಕರಾರು ಮಾಡುವುದಿಲ್ಲ.

ತುಂಡುಗಳ ಸಂಖ್ಯೆಯನ್ನು ವರ್ಣನೆ (ಲಾಂಛನ ಹೇಗಿರಬೇಕೆಂದು ಮಾತಿನಲ್ಲಿ ಹೇಳುವ ಪಠ್ಯ) ನಿಗದಿ ಮಾಡುವುದಿಲ್ಲ. ‘ತುಂಡು ತುಂಡಾದ ಅಂಚು’ ಅನ್ನುತ್ತದೆ, ಅಷ್ಟೇ. ಅಗಲವೂ ಚಿತ್ರಗಾರನಿಗೆ ಬಿಟ್ಟದ್ದು. ಗುರಾಣಿಯ ಅಗಲದ ಎಂಟನೇ ಒಂದು ಭಾಗ ಕಣ್ಣಿಗೆ ಹಿತ, ಆರನೇ ಒಂದಕ್ಕೆ ಹೋದರೆ ತಲೆಗೆ ಜಾಗ ಸಾಲುವುದಿಲ್ಲ.

ಈಗ ಲೆಕ್ಕ. ಗುರಾಣಿ 100 ಅಗಲ, 120 ಎತ್ತರ, ಕೆಳಗೆ ಅರ್ಧವೃತ್ತ ಎಂದಿಟ್ಟುಕೊಳ್ಳಿ. ಮೇಲಂಚು 100, ಎರಡು ಬದಿ 70+70, ಅರ್ಧವೃತ್ತ ಸುಮಾರು 157, ಒಟ್ಟು ಸುತ್ತಳತೆ ಸುಮಾರು 397. ಅಂಚಿನ ಅಗಲ 12.5 ಇಟ್ಟರೆ 32 ತುಂಡುಗಳು ಹೆಚ್ಚುಕಡಿಮೆ ಚೌಕವಾಗಿ ಬರುತ್ತವೆ.

ಒಂದೊಂದೇ ತುಂಡು ಕತ್ತರಿಸುವ ಕೆಲಸ ಬಿಟ್ಟುಬಿಡಿ. ಗುರಾಣಿಯ ಪಾತ್ (ಹೊರಗೆರೆ) ಅನ್ನು ಮೇಲಂಚಿನ ನಟ್ಟನಡುವಿನಿಂದ ಶುರು ಮಾಡಿ, ಮೂಲೆಯಿಂದ ಬೇಡ. ಅದೇ ಪಾತ್‌ಗೆ ಮೊದಲು 25 ಅಗಲದ ಬಿಳಿ ಸ್ಟ್ರೋಕ್ (ಗೆರೆಯ ಬಣ್ಣ) ಕೊಡಿ. ಅದರ ಮೇಲೆ ಅದೇ ಪಾತ್‌ನ ಇನ್ನೊಂದು ಪ್ರತಿ ಇಟ್ಟು 25 ಅಗಲದ ಕಪ್ಪು ಸ್ಟ್ರೋಕ್ ಕೊಡಿ. ಆ ಕಪ್ಪು ಪ್ರತಿಗೆ ಪಾತ್‌ಲೆಂತ್ (ಒಟ್ಟು ಉದ್ದವನ್ನು ಎಷ್ಟು ಎಂದು ಎಣಿಸಬೇಕು) 32, ಡ್ಯಾಶ್‌ಅರೇ (ತುಂಡಿನ ಮತ್ತು ಸಂದಿನ ಉದ್ದ) ‘1 1’, ಡ್ಯಾಶ್‌ಆಫ್‌ಸೆಟ್ (ಶುರುವಿನ ಜಾಗವನ್ನು ಎಷ್ಟು ಸರಿಸಬೇಕು) 0.5. ಎರಡನ್ನೂ ಗುರಾಣಿಯ ಆಕಾರದಿಂದಲೇ ಕ್ಲಿಪ್ ಮಾಡಿ (ಆಕಾರದ ಹೊರಗಿನದನ್ನು ಮರೆಮಾಡಿ). ಹೊರಗಿನ ಅರ್ಧ ಕತ್ತರಿಸಿ ಹೋಗಿ ಒಳಗೆ 12.5 ಉಳಿಯುತ್ತದೆ. ಆಫ್‌ಸೆಟ್ 0.5 ಇರುವುದರಿಂದ ಮೇಲಿನ ನಡುವಿನಲ್ಲಿ ಕಪ್ಪು ತುಂಡಿನ ಮಧ್ಯಭಾಗ ಕೂರುತ್ತದೆ, ಎಡ-ಬಲ ತಾನಾಗಿಯೇ ಕನ್ನಡಿಬಿಂಬವಾಗುತ್ತದೆ.

ಒಟ್ಟು ಸಂಖ್ಯೆ 4ರಿಂದ ಭಾಗವಾದರೆ (24, 28, 32) ಮೇಲಿನ ನಡುವಿನಲ್ಲೂ ಕೆಳತುದಿಯಲ್ಲೂ ಕಪ್ಪು ಬರುತ್ತದೆ. ಸಮಸಂಖ್ಯೆಯಾಗಿದ್ದೂ 4ರಿಂದ ಭಾಗವಾಗದಿದ್ದರೆ (26, 30) ಕೆಳತುದಿಯಲ್ಲಿ ಬೆಳ್ಳಿ. ಬೆಸಸಂಖ್ಯೆ ಇಟ್ಟಿರೋ, ಪಾತ್ ಶುರುವಾಗುವ ಜಾಗದಲ್ಲಿ ಲಯ ತಪ್ಪುತ್ತದೆ: ಈ ಆಫ್‌ಸೆಟ್‌ನಲ್ಲಿ ಅರ್ಧ ಕಪ್ಪು, ಅರ್ಧ ಬೆಳ್ಳಿ ತುಂಡು ಅಕ್ಕಪಕ್ಕ ಬರುತ್ತವೆ, ಆಫ್‌ಸೆಟ್ ಇಲ್ಲದೆ ಒಂದೊಂದಾಗಿ ಜೋಡಿಸಿದರೆ ಒಂದೇ ಬಣ್ಣದ ಎರಡು ತುಂಡು ಕೂಡಿಕೊಂಡು ಒಂದು ಉದ್ದ ಪಟ್ಟಿಯಾಗುತ್ತದೆ. ನಿಮಗೆ ಆಗಿರುವುದು ಅದೇ.

ಕೆಡುವ ಜಾಗಗಳು ಇನ್ನೂ ಇವೆ. ಬಿಳಿ ಪಟ್ಟಿಯನ್ನು ಪೂರ್ತಿ ಕೆಳಗೆ ಹಾಸದೆ, ಬಿಳಿ ಡ್ಯಾಶ್ ಮತ್ತು ಕಪ್ಪು ಡ್ಯಾಶ್ ಬೇರೆ ಬೇರೆ ಇಟ್ಟರೆ ಸಂದಿನಲ್ಲಿ ಕೂದಲೆಳೆಯಷ್ಟು ಕೆಂಪು ಇಣುಕುತ್ತದೆ. ಕೆಲವು ಹಳೆಯ ರೆಂಡರರ್‌ಗಳು (ಕಡತವನ್ನು ತೆರೆದು ತೋರಿಸುವ ತಂತ್ರಾಂಶಗಳು) ಪಾತ್‌ಲೆಂತ್ ಅನ್ನು ಗಮನಿಸುವುದೇ ಇಲ್ಲ. ಆಗ ‘1 1’ ಅಕ್ಷರಶಃ ಒಂದೊಂದು ಯೂನಿಟ್ ಆಗಿ, ಅಂಚು ಬಾಚಣಿಗೆಯ ಹಲ್ಲಿನಂತೆ ಕಾಣುತ್ತದೆ, ದೂರಕ್ಕೆ ಬೂದು. ಅಂಥಲ್ಲಿ ನಿಜವಾದ ಸುತ್ತಳತೆಯನ್ನು 32ರಿಂದ ಭಾಗಿಸಿ, ಬಂದ 12.4ರ ಆಸುಪಾಸಿನ ಅಂಕಿಯನ್ನೇ ಡ್ಯಾಶ್‌ಗೆ ಹಾಕಿ, ಆಫ್‌ಸೆಟ್ ಅದರ ಅರ್ಧ. ಅಂಕಿಯನ್ನು ದುಂಡು ಮಾಡಬೇಡಿ. ಪ್ರತಿ ತುಂಡಿನಲ್ಲಿ 0.1 ತಪ್ಪಿದರೂ 32 ಸೇರಿ 3.2 ಆಗುತ್ತದೆ, ಅಂದರೆ ಒಂದು ತುಂಡಿನ ಕಾಲುಭಾಗ.

16 ಪಿಕ್ಸೆಲ್ ಐಕಾನ್‌ಗೆ ಇದೇ ಕಡತವನ್ನು ಕುಗ್ಗಿಸಬೇಡಿ. ಅಂಚು 2 ಪಿಕ್ಸೆಲ್, ತುಂಡು 2 ಪಿಕ್ಸೆಲ್ ಆಗಿ ಎಲ್ಲ ಕಲಸಿಹೋಗುತ್ತದೆ. ಐಕಾನ್‌ಗೆ ಬೇರೆ ಪ್ರತಿ ಮಾಡಿ, 12 ತುಂಡು ಸಾಕು.

ಕುದುರೆತಲೆಯನ್ನು ಅಂಚು ಬಿಟ್ಟು ಉಳಿದ 75×95 ಜಾಗಕ್ಕೆ ಹೊಂದಿಸಿ. ತಲೆಯನ್ನು ಇಡೀ ಗುರಾಣಿಯ ಅಳತೆಗೆ ಬರೆದು ಆಮೇಲೆ ಅಂಚು ಹೊದಿಸಿದರೆ ಮೂತಿ ಅಥವಾ ಕೇಸರದ ತುದಿ ಅಂಚಿನಡಿ ಸೇರಿಕೊಳ್ಳುತ್ತದೆ. ಬೆಳ್ಳಿ ಎಂದರೆ ಶುದ್ಧ ಬಿಳಿ ಹಾಕಿ. ಬೂದು ಗ್ರೇಡಿಯಂಟ್ ಹಾಕಿ ‘ಲೋಹದಂತೆ’ ಹೊಳೆಸುವ ಚಟ ಲಾಂಛನಕ್ಕೆ ಒಗ್ಗುವುದಿಲ್ಲ, ಅಂಚಿನ ಬಿಳಿಗೂ ತಲೆಯ ಬಿಳಿಗೂ ತಾಳೆಯಾಗದೆ ಹೋಗುತ್ತದೆ.

ಹಳೆಮುದ್ರೆ

ಒಂದು ಸೇರಿಸುತ್ತೇನೆ. ಲಾಂಛನಶಾಸ್ತ್ರದ ಬಲಗಡೆ ಎಂದರೆ ಗುರಾಣಿ ಹಿಡಿದವನ ಬಲ, ನೋಡುವವರಿಗೆ ಎಡ. ಮೂತಿ ನಮ್ಮ ಎಡಕ್ಕೆ ಇರಬೇಕು, ವರ್ಣನೆಯಲ್ಲಿ ದಿಕ್ಕು ಹೇಳದಿದ್ದರೆ ಅದೇ ಎಂದರ್ಥ. ಕನ್ನಡಿಬಿಂಬ ಮಾಡಿದ ಪ್ರತಿ ಕಂಡರೆ ಕೂಡಲೇ ತಪ್ಪು ಅನ್ನಬೇಡಿ. ಎರಡು ಗುರಾಣಿಗಳನ್ನು ಜೋಡಿಯಾಗಿ ಇಟ್ಟಾಗ, ಎಡಗಡೆಯ ಪ್ರಾಣಿಯನ್ನು ಪಕ್ಕದ ಗುರಾಣಿಯತ್ತ ತಿರುಗಿಸುವ ಮರ್ಯಾದೆ ಜರ್ಮನಿಯಲ್ಲಿದೆ. ಆ ಜೋಡಿಯಿಂದ ಒಂದನ್ನು ಕತ್ತರಿಸಿ ತಂದರೆ ಬಲಕ್ಕೆ ನೋಡುವ ಕುದುರೆ ಸಿಗುತ್ತದೆ. ಒಂಟಿಯಾಗಿ ಬಳಸುವಾಗ ಅದನ್ನು ಮತ್ತೆ ಎಡಕ್ಕೆ ತಿರುಗಿಸಲೇಬೇಕು.

ಕಲಂಕಾಪಿ

ಬಳಸುವ ಹಕ್ಕಿನ ಬಗ್ಗೆ ಯಾರೂ ಕೇಳಿಲ್ಲ, ಆದರೂ ಪ್ರಕಟಿಸುವ ಮುಂಚೆ ತಿಳಿದಿರಲಿ. ಜರ್ಮನ್ ಕೃತಿಸ್ವಾಮ್ಯ ಕಾಯ್ದೆಯ 5ನೇ ಕಲಂ ಅಧಿಕೃತ ಕೃತಿಗಳಿಗೆ ರಕ್ಷಣೆ ಇಲ್ಲ ಅನ್ನುತ್ತದೆ, ಸರಕಾರಿ ಲಾಂಛನಗಳನ್ನು ಸಾಮಾನ್ಯವಾಗಿ ಅದರಡಿ ಸೇರಿಸುತ್ತಾರೆ. ಹಾಗಂತ ಬೇಕಾಬಿಟ್ಟಿ ಬಳಸಲು ಬರುವುದಿಲ್ಲ. ನಾಗರಿಕ ಸಂಹಿತೆಯ 12ನೇ ಕಲಮಿನ ಹೆಸರಿನ ಹಕ್ಕು ಲಾಂಛನಕ್ಕೂ ಅನ್ವಯಿಸುತ್ತದೆ. ಜಿಲ್ಲಾಡಳಿತವೇ ಹೊರಡಿಸಿದಂತೆ ಅಥವಾ ಒಪ್ಪಿಗೆ ಕೊಟ್ಟಂತೆ ಕಾಣುವ ಬಳಕೆಗೆ (ಲೆಟರ್‌ಹೆಡ್, ಮೊಹರು, ಮಾರಾಟದ ವಸ್ತು) ರಾಟ್ಸೆಬುರ್ಗ್‌ನಲ್ಲಿರುವ ಜಿಲ್ಲಾಡಳಿತದ ಅನುಮತಿ ಬೇಕು. ಲೇಖನದೊಳಗೆ ವಿವರಣೆಗಾಗಿ ತೋರಿಸುವುದು ಬೇರೆ ಮಾತು. ಆಡಳಿತಾತ್ಮಕ ಅಪರಾಧಗಳ ಕಾಯ್ದೆಯ 124ನೇ ಕಲಮನ್ನು ಕೆಲವರು ಉದ್ಧರಿಸುತ್ತಾರೆ, ಅದು ಒಕ್ಕೂಟ ಮತ್ತು ರಾಜ್ಯಗಳ ಲಾಂಛನಕ್ಕೆ ಮಾತ್ರ, ಜಿಲ್ಲೆಗೆ ತಾಗುವುದಿಲ್ಲ.

ಇನ್ನೊಬ್ಬರ ಚಿತ್ರವನ್ನು ಟ್ರೇಸ್ ಮಾಡಬೇಡಿ. ಲಾಂಛನ ಮುಕ್ತವಾದರೂ, ಒಬ್ಬ ಚಿತ್ರಗಾರ ತನ್ನ ಕೈಯಿಂದ ಬಿಡಿಸಿದ ಕುದುರೆಯ ರೂಪ ಅವನದೇ ಆಗಿರಬಹುದು. ವರ್ಣನೆ ಓದಿ, ಸ್ವಂತ ತಲೆ ಬಿಡಿಸುವುದೇ ಸುರಕ್ಷಿತ. ಆಡಳಿತ ಬಳಸುವ ಮಾದರಿಯ ಜೊತೆ ತಾಳೆ ನೋಡಬೇಕಿದ್ದರೆ ಷ್ಲೆಸ್ವಿಗ್-ಹೋಲ್‌ಷ್ಟೈನ್ ರಾಜ್ಯ ಪತ್ರಾಗಾರದ ಸ್ಥಳೀಯ ಸಂಸ್ಥೆಗಳ ಲಾಂಛನ ನೋಂದಣಿ, ಅಂದರೆ ಕೊಮುನಾಲೆ ವಾಪೆನ್‌ರೋಲೆ, ನೋಡಿ.

ಬಣ್ಣದಪೆಟ್ಟಿಗೆ

ಪಾತ್ ಅನ್ನು ನಡುವಿನಿಂದ ಶುರು ಮಾಡಿ 32 ಇಟ್ಟಾಗ ಅಂಚು ಸರಿಹೋಯಿತು. ಚಿತ್ರದ ಕೆಳಗೆ ಹೀಗೆ ಬರೆದರೆ ಸಾಕೇ? ‘ಕೆಂಪು ನೆಲದ ಮೇಲೆ ಬೆಳ್ಳಿಯ ಕುದುರೆತಲೆ, ಬೆಳ್ಳಿ-ಕಪ್ಪು ಬಣ್ಣದ 32 ತುಂಡುಗಳ ಅಂಚು. ಕುದುರೆ ಸ್ಯಾಕ್ಸನ್ ಮೂಲದ್ದು, ಅಂಚು ಪ್ರಷ್ಯದ್ದು.’

ಗೆರೆಚುಕ್ಕಿ

32 ತೆಗೆಯಿರಿ. ಅದು ನಿಮ್ಮ ಚಿತ್ರದ ಅಳತೆ, ಲಾಂಛನದ್ದಲ್ಲ. ನಾಳೆ 24 ತುಂಡಿನ ಚಿತ್ರ ಕಂಡವರು ಅದನ್ನು ತಪ್ಪು ಅಂದುಕೊಳ್ಳುತ್ತಾರೆ. ‘ಸ್ಯಾಕ್ಸನ್ ಮೂಲ’ ಎಂದಷ್ಟೇ ಬರೆದರೆ ಓದುವವರು ಅಸ್ಕಾನಿಯ ಡ್ಯೂಕರ ಕಡೆ ಹೋಗುತ್ತಾರೆ. ‘ವೆಲ್ಫ್‌ಗಳ ಸ್ಯಾಕ್ಸನ್ ಕುದುರೆಯಿಂದ, 1819ರ ಡ್ಯಾನಿಶ್ ರಾಜಲಾಂಛನದ ಮೂಲಕ ಬಂದ ಕುದುರೆತಲೆ, ಅಂಚು 1865ರ ನಂತರದ ಪ್ರಷ್ಯದ ಬಣ್ಣ’ ಎಂದು ಬರೆಯಿರಿ.